ಸದ್ದು ಕಳೆದುಕೊಂಡ ಏರ್‌ಗನ್

ನಾನು ಮದುವೆಯಾಗಿ ಹನುಮಂತನಗರದ ಮನೆಗೆ ಬಂದಾಗ, ಆ ಮನೆಯಲ್ಲಿ ಒಂದು ಬಂದೂಕಿದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಹೆಣ್ಣು ನೋಡಲು ಬಂದವರು ನನ್ನ ಹಾಡು, ಅಡುಗೆ, ಕೆಲಸ ಎಲ್ಲವನ್ನೂ ವಿಚಾರಿಸಿದ್ದರು. ನಿಮ್ಮ ಮನೆಯಲ್ಲಿ ಬಂದೂಕು ಇದೆಯೇ ಎಂದು ತಿರುಗಿ ಕೇಳಬೇಕೆಂದು ನಮ್ಮ ಕಡೆಯವರಿಗೆ ತೋಚಿರಲಿಲ್ಲ.

ಮೊದಲ ಬೇಸಿಗೆಯಲ್ಲೇ ಗೊತ್ತಾಯಿತು. ಅತ್ತೆ ಸಂಡಿಗೆ ಹಿಟ್ಟಿನ ಪಾತ್ರೆ ಹಿಡಿದು ಮಹಡಿ ಹತ್ತುತ್ತಿದ್ದರು. ಅವರ ಹಿಂದೆ ಪಂಚೆ, ಬನಿಯನ್ನು, ತಲೆಗೆ ಒದ್ದೆ ಟವೆಲ್ಲು ಸುತ್ತಿಕೊಂಡ ಮಾವನವರು ಹೆಗಲ ಮೇಲೆ ಉದ್ದನೆಯ ಬಂದೂಕು ಹೊತ್ತು ಹೊರಟಿದ್ದರು. ನಾನು ಮೆಟ್ಟಿಲ ಪಕ್ಕದ ಗೋಡೆಗೆ ಅಂಟಿಕೊಂಡು ನಿಂತೆ.

"ಹೆದರ್ಕೋಬೇಡ ಕಣೇ," ಎಂದರು ಅತ್ತೆ. "ಅದ್ರಲ್ಲಿ ಬರೀ ಗಾಳಿ."

ಅದು ಏರ್‌ಗನ್. ಮಾವನವರು ಸರ್ಕಾರಿ ಕಚೇರಿಯಿಂದ ನಿವೃತ್ತರಾದ ಹೊಸದರಲ್ಲಿ, ಊರು ಬಿಟ್ಟು ಹೋಗುತ್ತಿದ್ದ ಸಹೋದ್ಯೋಗಿಯೊಬ್ಬರಿಂದ ಅದನ್ನು ಕೊಂಡಿದ್ದರು. ಕಾರಣ, ಹತ್ತಿರದ ಗುಡ್ಡದ ಕೋತಿಗಳು. ಅತ್ತೆ ನೆಂಟರಿಷ್ಟರಿಗೆಲ್ಲ ಸೇರಿಸಿ ವರ್ಷಕ್ಕಾಗುವಷ್ಟು ಸಂಡಿಗೆ ಇಡುತ್ತಿದ್ದರು, ಅರ್ಧ ಒಣಗುವ ಹೊತ್ತಿಗೆ ಕೋತಿಗಳ ಹಿಂಡು ಬಂದು ಹಾಸಿದ ಪಂಚೆಯ ಸಮೇತ ಎಳೆದುಕೊಂಡು ಹೋಗುತ್ತಿತ್ತು. ಆದರೆ ಅತ್ತೆಯದು ಒಂದು ಕಟ್ಟುನಿಟ್ಟಿನ ಷರತ್ತಿತ್ತು: ಬಂದೂಕಿಗೆ ಗುಂಡು ಹಾಕುವಂತಿಲ್ಲ. ನಮ್ಮ ಮಹಡಿಯಿಂದ ನೋಡಿದರೆ ಆಂಜನೇಯನ ಗುಡಿಯ ಗೋಪುರ ಕಾಣುತ್ತದೆ. ಅವನ ಎದುರಿಗೇ ಅವನ ಮಕ್ಕಳ ಮೇಲೆ ಗುಂಡು ಹಾರಿಸುವುದೆಂದರೇನು? ಹಾಗಾಗಿ ಮಾವನವರು ಖಾಲಿ ಬಂದೂಕನ್ನು ಆಕಾಶಕ್ಕೆ ಹಿಡಿದು ಕುದುರೆ ಎಳೆಯುತ್ತಿದ್ದರು. ಅದು ತಗಡಿನ ಬಾಗಿಲು ಬಡಿದ ಹಾಗೆ "ಠಪ್" ಎನ್ನುತ್ತಿತ್ತು. ಕೋತಿಗಳು ಓಡುತ್ತಿದ್ದವು. ಮಾವನವರು ಟವೆಲ್ಲಿನಿಂದ ಮುಖ ಒರೆಸಿಕೊಂಡು ಮತ್ತೆ ಪೇಪರ್ ಓದುತ್ತಿದ್ದರು. ಸರ್ಕಾರಿ ನೌಕರಿಯಲ್ಲಿ ಅಷ್ಟು ಬೇಗ ಫಲ ಕಂಡ ಕೆಲಸ ತಾವು ಒಂದೂ ಮಾಡಿರಲಿಲ್ಲ ಎಂದು ಅವರೇ ಹೇಳುತ್ತಿದ್ದರು.

ಮರುವರ್ಷ ಬೇಸಿಗೆ ಶುರುವಾಗುವಾಗ ಬಂದೂಕು ಕೈಕೊಟ್ಟಿತು. ನಳಿಗೆ ಬಗ್ಗಿಸಿದರೆ ಲಾಕ್ ಆಗದು. ಮಾವನವರು ಅದನ್ನು ಚಾಮರಾಜಪೇಟೆಯ ಒಂದು ಬಂದೂಕಿನ ಅಂಗಡಿಗೆ ಕೊಟ್ಟು ಬಂದರು. ಒಂದು ವಾರ ಬಿಟ್ಟು ವಾಪಸು ತಂದರು. ಹೊಸದರ ಹಾಗೆ ಹೊಳೆಯುತ್ತಿತ್ತು. ಮಹಡಿಗೆ ಹೋಗಿ, ಕೋತಿಗಳು ಬರುವವರೆಗೆ ಕಾದು, ಆಕಾಶಕ್ಕೆ ಹಿಡಿದು ಕುದುರೆ ಎಳೆದರು.

"ಪುಸ್" ಎಂದಿತು.

ಕೋತಿಗಳು ತಲೆ ಎತ್ತಿ ನೋಡಿದವು. ಮಾವನವರು ಮತ್ತೊಮ್ಮೆ ಎಳೆದರು. ಮತ್ತೆ "ಪುಸ್". ದೊಡ್ಡ ಗಂಡು ಕೋತಿ ಕುಳಿತಲ್ಲೇ ಒಂದು ಸಂಡಿಗೆ ಕಿತ್ತು ಬಾಯಿಗೆ ಹಾಕಿಕೊಂಡಿತು.

ಅದೇ ಮಧ್ಯಾಹ್ನ ಮಾವನವರು ಅಂಗಡಿಗೆ ಹೋಗಿ ಜಗಳವಾಡಿ, ಮುಖ ಕೆಂಪಗೆ ಮಾಡಿಕೊಂಡು ಬಂದರು. ಪಟಾಕಿ ಅಂಗಡಿಗೆ ಹೋಗಿ ಎಂದನಂತೆ ಆ ಅಂಗಡಿಯವನು. ಇನ್ನು ಜನ್ಮದಲ್ಲಿ ಅವನ ಹತ್ತಿರ ಮಾತಾಡುವುದಿಲ್ಲ ಎಂದು ದೇವರ ಮನೆಯ ಮುಂದೆ ನಿಂತು ಹೇಳಿದರು. ಆದರೆ ಬಂದೂಕು ಸರಿಯಾಗಲೇಬೇಕಿತ್ತು. ನನ್ನ ಗಂಡ, "ಅಪ್ಪನ ಗನ್ನಿನ ವಿಷಯಕ್ಕೆ ನಾನು ಬರಲ್ಲ," ಎಂದು ಸ್ಕೂಟರ್ ಹತ್ತಿದರು. ನಾನು ಆಗ ಚಾಮರಾಜಪೇಟೆಯ ಒಂದು ಶಾಲೆಯಲ್ಲಿ ಸಮಾಜ ಪಾಠ ಹೇಳುತ್ತಿದ್ದೆ. ಎಲ್ಲರೂ ನನ್ನ ಕಡೆ ನೋಡಿದರು.

ಬಂದೂಕನ್ನು ಹಳೆಯ ಹತ್ತಿ ಸೀರೆಯಲ್ಲಿ ಸುತ್ತಿ ಕೊಟ್ಟರು. ಬಸ್ಸಿನಲ್ಲಿ ಕಂಡಕ್ಟರ್, "ಅದೇನಮ್ಮ, ತಂಬೂರಿನಾ? ಹುಷಾರಾಗಿಟ್ಕೊಳ್ಳಿ," ಎಂದರು. ಸುಳ್ಳು ಹೇಳಲು ಬಾಯಿ ಬರದೆ, ಅಲ್ಲ, ಬಂದೂಕು ಎಂದೆ. ನನ್ನ ಪಕ್ಕ ಕುಳಿತಿದ್ದ ಹೆಂಗಸು ಎದ್ದು ಮುಂದಿನ ಬಾಗಿಲ ಹತ್ತಿರ ಹೋಗಿ ನಿಂತರು. ಅವರ ಪಕ್ಕದವರೂ ಎದ್ದರು. ಆಮೇಲೆ ಯಾರೂ ನನ್ನ ಟಿಕೆಟ್ ಕೇಳಲಿಲ್ಲ. ನಾನೇ ಕರೆದು ಕೊಂಡೆ.

ಅಂಗಡಿಯವರು ನಾನು ಊಹಿಸಿದ ಹಾಗಿರಲಿಲ್ಲ. ಭರ್ಜರಿ ಮೀಸೆ ಇತ್ತು ನಿಜ, ಆದರೆ ಮಾತು ಮೆತ್ತಗೆ. ದಾರ ಕಟ್ಟಿದ ಕನ್ನಡಕ ಎದೆಯ ಮೇಲೆ ಜೋತಾಡುತ್ತಿತ್ತು. ನಾನು ಸೀರೆ ಬಿಚ್ಚುತ್ತಿದ್ದಂತೆ ಬಂದೂಕಿನ ಗುರುತು ಹಿಡಿದರು.

"ನೀವು ಸದ್ದಿನ ಮನೆಯವರಾ," ಎಂದರು.

ಮಾವನವರು ಹೇಳಿಕೊಟ್ಟದ್ದನ್ನು, ಬೈಗುಳ ತೆಗೆದು, ನಾನು ಒಪ್ಪಿಸಿದೆ. ರಿಪೇರಿ ಎಂದರೆ ಮೊದಲಿದ್ದ ಹಾಗೆ ಮಾಡಿಕೊಡುವುದು. ಮೊದಲು ಸದ್ದಿತ್ತು. ಈಗ ಇಲ್ಲ. ಆದ್ದರಿಂದ ರಿಪೇರಿ ಆಗಿಲ್ಲ.

ಅವರು ಬಂದೂಕನ್ನು ಮಗುವಿನ ಹಾಗೆ ಮಡಿಲಲ್ಲಿ ಮಲಗಿಸಿಕೊಂಡರು. "ನೋಡಿ ಮೇಡಂ, ಗುಂಡು ಹಾಕದೆ ಹೊಡೀಬಾರದು. ಬಾಯಲ್ಲಿ ಅನ್ನ ಇಲ್ದೆ ಅಗೀತಾ ಕೂತ್ರೆ ಹಲ್ಲು ಹಲ್ಲು ತಾಕತ್ತಲ್ಲ, ಹಾಗೆ. ಒಳಗಿನ ವಾಷರ್ ಪುಡಿ ಪುಡಿ ಆಗೋಗಿತ್ತು. ಕಬ್ಬಿಣಕ್ಕೆ ಕಬ್ಬಿಣ ಬಡೀತಿತ್ತು. ಅದೇ ನಿಮ್ಮ ಸದ್ದು. ನಾನು ಹೊಸ ವಾಷರ್ ಹಾಕ್ದೆ, ಸ್ಪ್ರಿಂಗ್ ಹಾಕ್ದೆ, ಎಣ್ಣೆ ಬಿಟ್ಟೆ. ಈಗ ಸರಿ ಇದೆ."

"ಅದು ಸರಿ ಸರ್. ಆದ್ರೆ ಕೋತಿ ಹೆದರ್ತಾ ಇಲ್ಲ."

"ಕೆಟ್ಟಿದೆ, ಸರಿ ಮಾಡಿ ಅಂದ್ರು. ಮಾಡ್ದೆ. ಈಗ ಕೆಡಿಸಿಕೊಡಿ ಅಂತಿದಾರೆ. ನಮ್ಮ ತಾತನ ಕಾಲದಿಂದ ಈ ಅಂಗಡೀಲಿ ಯಾರೂ ಏನನ್ನೂ ಕೆಡಿಸಿಲ್ಲ ಮೇಡಂ. ನನ್ ಕೈಲಿ ಆಗಲ್ಲ."

ಅಷ್ಟರಲ್ಲಿ ಕೋಟು ಹಾಕಿಕೊಂಡ ಒಬ್ಬ ವೃದ್ಧರು ಒಳಗೆ ಬಂದರು. ಅವರ ಮನೆತನದ ಹಳೆಯ ಜೋಡಿನಳಿಗೆ ಬಂದೂಕು ಪಾಲಿಶ್‌ಗೆ ಬಂದಿತ್ತು. ಅಂಗಡಿಯವರು ಹೆಮ್ಮೆಯಿಂದ ತೆಗೆದು ಎದುರಿಗಿಟ್ಟರು. ವೃದ್ಧರು ಹಿಡಿಯ ಮೇಲೆ ಕೈಯಾಡಿಸಿ, ತಿರುಗಿಸಿ, ಮತ್ತೆ ಕೈಯಾಡಿಸಿ, "ತಗ್ಗು ಎಲ್ಲಿ?" ಎಂದರು.

"ತುಂಬಿಸಿ ಉಜ್ಜಿಸ್ಬಿಟ್ಟೆ ಸ್ವಾಮಿ. ಗೊತ್ತೇ ಆಗಲ್ಲ."

"ಅದು ನಮ್ಮ ತಾತ ಆನೆ ನೋಡಿ ಓಡುವಾಗ ಬಂಡೆಗೆ ತಗುಲಿ ಆಗಿದ್ದು. ಮನೆಗೆ ಬಂದೋರಿಗೆಲ್ಲ ತೋರಿಸ್ತಿದ್ವಿ. ಈಗ ಏನು ತೋರಿಸ್ಲಿ?"

ವೃದ್ಧರು ಅಲ್ಲಿದ್ದ ಸ್ಟೂಲಿನ ಮೇಲೆ ಕುಳಿತು, ತಗ್ಗು ಎಲ್ಲಿತ್ತು, ಎಷ್ಟು ಆಳವಿತ್ತು ಎಂದು ಹೆಬ್ಬೆರಳಿನಿಂದ ನನಗೆ ತೋರಿಸತೊಡಗಿದರು. ಆ ದಿನ ನನಗೆ ಅಂಗಡಿಯವರ ಬಗ್ಗೆ ಮೊದಲ ಬಾರಿ ಕನಿಕರ ಹುಟ್ಟಿತು. ಪಾಪ, ಅವರಿಗೆ ಕೆಟ್ಟದಾಗಿ ಕೆಲಸ ಮಾಡಲು ಬರುತ್ತಿರಲಿಲ್ಲ. ಗಿರಾಕಿಗಳಿಗೆ ಬೇಕಾಗಿದ್ದದ್ದು ಅದೇ.

ಹೀಗೆ ಆ ತಿಂಗಳೆಲ್ಲ ಬಂದೂಕು ನನ್ನ ಜೊತೆ ಓಡಾಡಿತು. ಮನೆಯಲ್ಲಿ ಮಾವನವರು, "ಅವನಿಗೆ ಹೇಳು," ಎಂದು ಶುರುಮಾಡುತ್ತಿದ್ದರು. ಅಂಗಡಿಯಲ್ಲಿ ಅವರು, "ನಿಮ್ಮ ಮಾವನೋರಿಗೆ ತಿಳಿಸಿ," ಎನ್ನುತ್ತಿದ್ದರು. ಎಣ್ಣೆ ಕಮ್ಮಿ ಮಾಡಿ ನೋಡಿದರು, ಸ್ಪ್ರಿಂಗ್ ಬಿಗಿ ಮಾಡಿ ನೋಡಿದರು. ಅವರು ಏನು ಮಾಡಿದರೂ ಅದು ಇನ್ನಷ್ಟು ನಯವಾಗಿ, ಇನ್ನಷ್ಟು ಮೌನವಾಗಿ ಬರುತ್ತಿತ್ತು. ಕೊನೆಗೊಂದು ದಿನ ಅವರು ತಲೆ ಕೆರೆದುಕೊಂಡು, "ನಾನೇ ಮನೆಗೆ ಬಂದು ನೋಡ್ತೀನಿ. ಗನ್ನಿನ ತಪ್ಪೋ, ಕೋತಿ ತಪ್ಪೋ, ಗೊತ್ತಾಗ್ಬಿಡ್ಲಿ," ಎಂದರು.

ಭಾನುವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಬಿಳಿ ಶರ್ಟಿನಲ್ಲಿ ಸ್ಕೂಟರ್ ಮೇಲೆ ಬಂದರು. ಮಾವನವರು ಮಹಡಿಯ ಕುರ್ಚಿಯಿಂದ ಏಳಲಿಲ್ಲ.

"ಕಾಫಿ ಕುಡೀತಾರಾ ಕೇಳು," ಎಂದು ನನಗೆ ಹೇಳಿದರು. ಅಂಗಡಿಯವರು ಒಂದು ಮಾರು ದೂರದಲ್ಲಿ ನಿಂತಿದ್ದರು.

"ಸಕ್ಕರೆ ಇಲ್ದೆ ಅಂತ ಹೇಳಿ," ಎಂದರು ಅವರು, ನನಗೇ.

ಬಿಸಿಲೇರುತ್ತಿದ್ದ ಹಾಗೆ ಕೋತಿಗಳು ಬಂದು ಪ್ಯಾರಾಪೆಟ್ ಗೋಡೆಯ ಮೇಲೆ ಸಾಲಾಗಿ ಕುಳಿತವು. ಅಂಗಡಿಯವರು ಕನ್ನಡಕ ಏರಿಸಿ, ಕಾಲು ಅಗಲಿಸಿ ನಿಂತು, ಆಕಾಶಕ್ಕೆ ಹಿಡಿದು ಎಳೆದರು. "ಪುಸ್". ಒಂದು ತಾಯಿ ಕೋತಿ ಮರಿಯ ಹೇನು ಹೆಕ್ಕುವುದನ್ನು ಮುಂದುವರಿಸಿತು.

"ಗನ್ನು ತುಂಬಾ ಚೆನ್ನಾಗಿದೆಯಂತೆ ಅಂತ ಹೇಳು," ಎಂದರು ಮಾವನವರು. "ಕೋತಿಗೆ ಇನ್ನೂ ಸುದ್ದಿ ಮುಟ್ಟಿಲ್ಲ ಅಷ್ಟೆ."

ಅಂಗಡಿಯವರ ಕಿವಿ ಕೆಂಪಾಯಿತು. ಸುತ್ತ ನೋಡಿದರು. ಎದುರು ಮೂಲೆಯಲ್ಲಿ ಒಂದು ಖಾಲಿ ಎಣ್ಣೆ ಡಬ್ಬ ಬಿದ್ದಿತ್ತು. ಜೇಬಿನಿಂದ ಕಡಲೆಯಷ್ಟು ಚಿಕ್ಕ ಸೀಸದ ಗುಂಡು ತೆಗೆದು, "ಡಬ್ಬಕ್ಕೆ ಹೊಡೀತೀನಿ. ಗನ್ನು ಖಾಲಿ ಹೊಡೆದಂಗೂ ಆಗಲ್ಲ, ಸದ್ದೂ ಆಗತ್ತೆ," ಎಂದರು. ಅತ್ತೆ ಒಪ್ಪಲಿಲ್ಲ. ಗುಡಿ ಯಾವ ದಿಕ್ಕು, ಕೋತಿ ಯಾವ ದಿಕ್ಕು, ಎಲ್ಲ ಲೆಕ್ಕ ಹಾಕಿ, ಕೊನೆಗೆ ಡಬ್ಬವನ್ನು ತಾವೇ ಒಯ್ದು ಪಕ್ಕದ ಮನೆಯ ಕಡೆಯ ಗೋಡೆಯ ಮೇಲಿಟ್ಟರು. ಇಲ್ಲಿ ಹೊಡೀರಿ ಎಂದರು.

ಮೊದಲ ಗುಂಡು ಡಬ್ಬಕ್ಕೆ ಬಿದ್ದು "ಠಣ್" ಎಂದಿತು. ಕೋತಿಗಳು ಹಾರಿ ಓಡಿದವು. ಮಾವನವರು ಮರೆತು ಚಪ್ಪಾಳೆ ತಟ್ಟಿಬಿಟ್ಟರು. ಅಂಗಡಿಯವರು ಮೀಸೆ ನೀವಿಕೊಂಡು, ಯಾರೂ ಕೇಳದಿದ್ದರೂ, ಇನ್ನೊಂದು ಗುಂಡು ಹಾಕಿದರು. ಈ ಸಲ ಡಬ್ಬ ಸುಮ್ಮನಿತ್ತು. ಅದರ ಹಿಂದೆ, ಪಕ್ಕದ ಮನೆಯ ಮಹಡಿಯ ಕಪ್ಪು ಪ್ಲಾಸ್ಟಿಕ್ ಟ್ಯಾಂಕಿನ ಹೊಟ್ಟೆಯಿಂದ ನೀರು ದಾರದ ಹಾಗೆ ಚಿಮ್ಮತೊಡಗಿತು.



ಮಾವನವರು ಕುರ್ಚಿಯಿಂದ ಎದ್ದರು. ಜನ್ಮದಲ್ಲಿ ಮಾತಾಡುವುದಿಲ್ಲ ಎಂದಿದ್ದವರು ಸೀದಾ ಅಂಗಡಿಯವರ ಮುಂದೆ ಹೋಗಿ, ಬಹಳ ಮರ್ಯಾದೆಯಿಂದ ಕೇಳಿದರು: "ಒಂದು ಮಾತು ಹೇಳ್ಬಿಡಿ. ಗನ್ನು ಸರಿ ಇಲ್ವೋ, ನಿಮ್ಮ ಗುರಿ ಸರಿ ಇಲ್ವೋ?"

ಅಂಗಡಿಯವರ ಮುಖದಲ್ಲಿ ಎರಡೂ ಉತ್ತರಗಳು ಬಂದು ಹೋದದ್ದು ಕಾಣಿಸಿತು. ಒಂದನ್ನು ಹೇಳಿದರೆ ಅಂಗಡಿಯ ಮಾನ ಹೋಗುತ್ತದೆ, ಇನ್ನೊಂದನ್ನು ಹೇಳಿದರೆ ಮೀಸೆಯದು. ಕನ್ನಡಕ ಕಳಚಿ ಶರ್ಟಿನ ತುದಿಯಿಂದ ಒರೆಸಿದರು. ಮತ್ತೆ ಹಾಕಿಕೊಂಡರು.

"ಗುರಿ," ಎಂದರು. "ಕಣ್ಣು ಟೆಸ್ಟ್ ಮಾಡಿಸ್ಬೇಕು. ಗನ್ನು ಸರಿಯಾಗೇ ಇದೆ." ಆಮೇಲೆ ತಡೆಯಲಾರದೆ ಸೇರಿಸಿದರು: "ಅಷ್ಟು ದಪ್ಪ ಪ್ಲಾಸ್ಟಿಕ್ಕು ತೂರಿಕೊಂಡು ಹೋಗಿದೆ, ನೋಡಿ."

ಮಾವನವರು ಅಂಗಡಿಯವರ ಹೆಗಲ ಮೇಲೆ ಕೈಯಿಟ್ಟರು. ಗೆದ್ದವರ ಸಂಭ್ರಮ ಅವರ ಮುಖದಲ್ಲಿ ಇರಲಿಲ್ಲ. ಅಂಗಡಿಯವರ ಅಂಗಿಯ ತುದಿಯನ್ನು ನೋಡುತ್ತಾ, "ಕನ್ನಡಕ ಹಾಗೆ ಒರೆಸ್ಬೇಡಿ, ಗೀರಾಗತ್ತೆ," ಎಂದರು.

ಪಕ್ಕದ ಮನೆಯವರು ಒಬ್ಬ ನಿವೃತ್ತ ಹೆಡ್‌ಮಿಸ್. ಒಂಟಿಯಾಗಿದ್ದರು, ಬೀದಿಯಲ್ಲಿ ಯಾರೂ ಅವರ ಮುಂದೆ ಗಟ್ಟಿಯಾಗಿ ಸೀನುತ್ತಿರಲಿಲ್ಲ. ಇಬ್ಬರು ಗಂಡಸರೂ ತಪ್ಪೊಪ್ಪಿಕೊಳ್ಳಲು ಒಟ್ಟಿಗೆ ಹೊರಟರು. ಧೈರ್ಯಕ್ಕೆ ನನ್ನನ್ನು ಮುಂದೆ ಬಿಟ್ಟರು. ಹೆಡ್‌ಮಿಸ್ ಎಲ್ಲವನ್ನೂ ಕೇಳಿಸಿಕೊಂಡು, ಸೆರಗು ಸಿಕ್ಕಿಸಿ, ನಮ್ಮನ್ನು ಹಿಂದೆ ಹಾಕಿಕೊಂಡು ತಮ್ಮ ಮಹಡಿ ಹತ್ತಿದರು. ಮೇಲಿನ ಮೆಟ್ಟಿಲಲ್ಲಿ ಹಠಾತ್ತನೆ ನಿಂತರು. ನಾವೂ ಒಬ್ಬರ ಹಿಂದೊಬ್ಬರು ನಿಂತೆವು.

ಓಡಿಹೋಗಿದ್ದ ಕೋತಿಗಳೆಲ್ಲ ಅಲ್ಲಿದ್ದವು. ದೊಡ್ಡ ಗಂಡು ಕೋತಿ ಚಿಮ್ಮುವ ನೀರಿಗೆ ಬಾಯಿ ಒಡ್ಡಿ ಕುಡಿಯುತ್ತಿತ್ತು. ಉಳಿದವು ಗಲಾಟೆಯಿಲ್ಲದೆ ಸರದಿ ಕಾಯುತ್ತಿದ್ದವು. ಮರಿಯೊಂದು ಕೆಳಗೆ ನಿಂತ ನೀರಿನಲ್ಲಿ ಅಂಗಾತ ಮಲಗಿತ್ತು.

ಹೆಡ್‌ಮಿಸ್ ಕೈ ಮುಗಿದರು. ತಿರುಗಿ ನೋಡಿದಾಗ ಅವರ ಕಣ್ಣು ತುಂಬಿತ್ತು. "ಇಷ್ಟು ವರ್ಷ ಗುಡಿಗೆ ನಾನು ಹೋಗ್ತಿದ್ದೆ," ಎಂದರು. "ಇವತ್ತು ಅವನೇ ಬಂದಿದಾನೆ."

ಸಂಜೆ ಅಂಗಡಿಯವರು ಅಂಟು, ಪ್ಲಾಸ್ಟಿಕ್ ತುಂಡು ಎಲ್ಲ ಹಿಡಿದು ತೂತು ಮುಚ್ಚಲು ವಾಪಸು ಬಂದರು. ಹೆಡ್‌ಮಿಸ್ ಬಾಗಿಲಲ್ಲೇ ತಡೆದರು. ಮುಚ್ಚುವ ಹಾಗಿಲ್ಲ. ಅಂಗಡಿಯವರು ಬಹಳ ಬೇಡಿಕೊಂಡರು. ಒಡೆದದ್ದನ್ನು ಒಡೆದ ಹಾಗೇ ಬಿಟ್ಟು ಹೋಗಿ ಅವರಿಗೆ ಅಭ್ಯಾಸವಿರಲಿಲ್ಲ. ಮುಂದಿನ ಕೆಲವು ದಿನ ಏನಾದರೊಂದು ನೆಪ ಮಾಡಿಕೊಂಡು ನಮ್ಮ ಬೀದಿಗೆ ಬಂದು, ತಲೆ ಎತ್ತಿ ಆ ಟ್ಯಾಂಕನ್ನು ನೋಡುತ್ತಾ ನಿಲ್ಲುತ್ತಿದ್ದರು. ಮಾವನವರು ಒಳಗೆ ಕರೆದು ಸಕ್ಕರೆಯಿಲ್ಲದ ಕಾಫಿ ಕೊಡಿಸುತ್ತಿದ್ದರು. ಕೊನೆಗೆ ಮಾವನವರೇ ಮಧ್ಯಸ್ಥಿಕೆ ವಹಿಸಿ ರಾಜಿ ಮಾಡಿಸಿದರು: ತೂತು ಮುಚ್ಚುವುದು ಬೇಡ, ಅದಕ್ಕೊಂದು ಹಿತ್ತಾಳೆ ನಲ್ಲಿ ಕೂರಿಸುವುದು. ಹೆಡ್‌ಮಿಸ್ ಬೆಳಿಗ್ಗೆ ತಿರುಗಿಸಿ, ಕೋತಿಗಳು ಕುಡಿದ ಮೇಲೆ ನಿಲ್ಲಿಸುವುದು.

ಅಂಗಡಿಯವರು ಒಂದು ಇಡೀ ಭಾನುವಾರ ಕೂತು ಆ ನಲ್ಲಿ ಕೂರಿಸಿದರು. ಕಿರುಬೆರಳಲ್ಲಿ ಮುಟ್ಟಿದರೆ ತಿರುಗುವಷ್ಟು ನಯ ಮಾಡಿದ್ದರು. ಆ ವಾರ ಮುಗಿಯುವುದರೊಳಗೆ ಕೋತಿಗಳು ಅದನ್ನು ತಿರುಗಿಸುವುದು ಕಲಿತವು. ನಿಲ್ಲಿಸುವುದನ್ನು ಕಲಿಯಲಿಲ್ಲ.

ಹೆಡ್‌ಮಿಸ್ ನನ್ನನ್ನು ಗೇಟಿನ ಹತ್ತಿರ ಕರೆದು, "ನೀನು ಆ ಕಡೆ ಹೋಗ್ತೀಯಲ್ಲ, ಅವರಿಗೆ ಹೇಳು," ಎಂದರು. "ನಲ್ಲಿ ಸರಿಯಾಗಿಲ್ಲ. ಸ್ವಲ್ಪ ಬಿಗಿ ಮಾಡಿಕೊಡ್ಲಿ."

ನಾನು ಹೋಗಿ ಹೇಳಿದೆ. ಅಂಗಡಿಯವರು ಬಹಳ ಯೋಚಿಸಿದರು.

"ಬಿಗಿ ಮಾಡಿದ್ರೆ ಮರಿಗಳಿಗೆ ತೆಗೆಯೋಕಾಗಲ್ಲ ಮೇಡಂ," ಎಂದರು.

ನಲ್ಲಿ ಹಾಗೇ ಉಳಿಯಿತು. ನೀರು ಕುಡಿದು ಹೊಟ್ಟೆ ತುಂಬಿದ ಕೋತಿಗಳು ಆ ಮಹಡಿಯ ನೆರಳಲ್ಲೇ ಮಲಗಿಬಿಡುತ್ತಿದ್ದವು, ನಮ್ಮ ಸಂಡಿಗೆಯ ಕಡೆ ಬರುವುದು ಕಮ್ಮಿಯಾಯಿತು. ಹೆಡ್‌ಮಿಸ್ ದಿನವೂ ಸಂಜೆ ಮಹಡಿ ಹತ್ತಿ ನಲ್ಲಿ ನಿಲ್ಲಿಸುತ್ತಿದ್ದರು. "ಎಷ್ಟು ಸಲ ಹೇಳ್ಕೊಡ್ಬೇಕು ನಿಮಗೆ? ಎಡಗಡೆಗೆ ತೆಗೆಯೋದು, ಬಲಗಡೆಗೆ ನಿಲ್ಸೋದು," ಎಂದು ಅವರು ಹೇಳುವುದು ನಮ್ಮ ಅಡುಗೆಮನೆಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಅತ್ತೆ ಸೌಟು ಹಿಡಿದುಕೊಂಡೇ, ಪಾಠ ಮುಗಿಯುವವರೆಗೆ ಕಿಟಕಿಯ ಹತ್ತಿರ ನಿಂತಿರುತ್ತಿದ್ದರು.