ಮೌಶಿ ಬಡಿದು ನೋಡಿದ ಗಾಲಿ

ಕಳೆದ ವಾರ ಪೇಟೆಯಿಂದ ಹೊಸ ಅಲ್ಯುಮಿನಿಯಂ ಪಾತೇಲಿಯೊಂದನ್ನು ತಂದೆ. ಹಳೆಯದರ ತಳ ಸೋರತೊಡಗಿ ಅರ್ಧ ಸಾರು ಒಲೆಯ ಪಾಲಾಗುತ್ತಿತ್ತು. ಸುತ್ತಿದ್ದ ಕಾಗದ ಬಿಚ್ಚಿ, ಏನೂ ಯೋಚಿಸದೆ, ಬೆರಳಿನ ಗಂಟಿನಿಂದ ಅದರ ಹೊಟ್ಟೆಗೆ ಒಂದು ಸಲ ಬಡಿದೆ. ಠಣ್ ಎಂದಿತು. ಕಾಲೇಜಿಗೆ ಹೊರಟಿದ್ದ ಮಗಳು ಬಾಗಿಲಲ್ಲೇ ನಿಂತು, "ಏನ ಬಡ್ಯಾಕತ್ತಿ ಅವ್ವಾ?" ಎಂದು ಕೇಳಿದಳು. ಏನಿಲ್ಲ ಎಂದೆ. ಆದರೆ ಆ ಹೊತ್ತಿಗಾಗಲೇ ಮೌಶಿ ನನ್ನ ಅಡುಗೆಮನೆಗೆ ಬಂದು ಕೂತಾಗಿತ್ತು...

ಮೌಶಿ ನಮಗೆ ರಕ್ತಸಂಬಂಧಿಯೇನಲ್ಲ. ಹಳಿಯಾಳದ ಪೇಟೆಯಲ್ಲಿ ನಮ್ಮ ಮನೆಗೆ ಅಂಟಿಕೊಂಡೇ ಅವಳ ಭಾಂಡಿ-ಪಾತ್ರೆಗಳ ಅಂಗಡಿ ಇತ್ತು. ಮನೆಯಲ್ಲಿ ಮರಾಠಿ, ಗಿರಾಕಿಗಳ ಜೊತೆ ಕನ್ನಡ, ಜಗಳಕ್ಕೆ ಎರಡೂ. ಓಣಿಯ ಮಕ್ಕಳಿಗೆಲ್ಲ ಅವಳು ಮೌಶಿ, ಅವಳ ಗಂಡ ಕಾಕಾ. ಕಾಕಾ ಗಲ್ಲೆಯ ಹಿಂದೆ ಕೂತು ತೂಕಡಿಸುವುದರಲ್ಲಿ ನಿಸ್ಸೀಮರು, ವ್ಯಾಪಾರವೆಲ್ಲ ಮೌಶಿಯದೇ. ಗೌಳಿಗಳು ಹಾಲಿನ ಕ್ಯಾನಿಗೆ ಬರುತ್ತಿದ್ದರು, ಸುತ್ತಲಿನ ಹಳ್ಳಿಗಳ ಸಿದ್ದಿ ಹೆಂಗಸರು ಅನ್ನದ ದೊಡ್ಡ ಪಾತೇಲಿಗೆ ಬರುತ್ತಿದ್ದರು. ಯಾರೇ ಬರಲಿ, ಮೌಶಿ ಪಾತ್ರೆಯನ್ನು ಅವರ ಕಿವಿಯ ಹತ್ತಿರ ಹಿಡಿದು ಬಡಿದು, "ಕೇಳ್ರಿ, ಹೆಂಗ ಹಾಡತೈತಿ" ಎನ್ನುತ್ತಿದ್ದಳು. ಕಲ್ಲಂಗಡಿ ಹಣ್ಣನ್ನೂ ಹಾಗೇ ಬಡಿದು ಕೊಳ್ಳುವಳು. ಪರೀಕ್ಷೆಯಲ್ಲಿ ನಪಾಸಾಗಿ ಬಂದರೆ ನಮ್ಮ ತಲೆಯನ್ನೂ ಬಡಿದು ನೋಡಿ, ಒಳಗ ಮಾಲು ಐತಿ, ಹೊರಗ ಬರವಲ್ದು ಎಂದು ತೀರ್ಪು ಕೊಡುವಳು.

ಮಳೆಗಾಲದಲ್ಲಿ ಆ ಅಂಗಡಿಯ ತುಂಬ ಕೊಬ್ಬರಿ ಎಣ್ಣೆಯ ವಾಸನೆ. ನಮ್ಮ ಕಡೆಯ ಥಂಡಿ ಹವೆಗೆ ಕಬ್ಬಿಣದ ಹಂಚು ರಾತ್ರಿ ಕಳೆಯುವುದರೊಳಗೆ ಕೆಂಪಾಗುತ್ತದೆ, ಅಲ್ಯುಮಿನಿಯಂ ಮೇಲೆ ಬಿಳಿ ಚುಕ್ಕೆಗಳು ಏಳುತ್ತವೆ. ಅದಕ್ಕೇ ಮೌಶಿ ಮಧ್ಯಾಹ್ನ ಗಿರಾಕಿ ಕಡಿಮೆಯಾದ ಕೂಡಲೇ ಎಣ್ಣೆ ಬಟ್ಟೆ ಹಿಡಿದು ಕೂರುತ್ತಿದ್ದಳು. ಅವಳೊಬ್ಬಳೇ ಅಲ್ಲ, ಓಣಿಯವರೆಲ್ಲರದೂ ಅದೇ ರೂಢಿ. ಈಳಿಗೆ, ಕುಡಗೋಲು, ಬಾಗಿಲ ಚಿಲಕ, ಕೊನೆಗೆ ಸೈಕಲ್ಲಿನ ಗಾಲಿಗೂ ಎಣ್ಣೆ. ಗಾಲಿಗೆ ಎಣ್ಣೆಯಾದರೆ ಬ್ರೇಕ್ ಹಿಡಿಯುವುದಿಲ್ಲವಲ್ಲ ಎಂದು ನೀವು ಕೇಳಬಹುದು. ಪೇಟೆಗೆ ಹೋಗಿಬರುವ ಸೈಕಲ್ಲಿಗೆ ಬ್ರೇಕ್ ಯಾರು ಹಾಕುತ್ತಿದ್ದರು? ಕಾಲು ಕೆಳಗಿಟ್ಟರೆ ನಿಂತಿತು.

ನನ್ನದು ಮಾತ್ರ ಪೇಟೆಯ ಸೈಕಲ್ ಆಗಿರಲಿಲ್ಲ. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಸೈಕಲ್ ರೇಸಿನ ಹುಚ್ಚು ಹಿಡಿಸಿಕೊಂಡಿದ್ದೆ. ಬಾಗಿದ ಹ್ಯಾಂಡಲ್ಲಿನ ಹಳೆಯ ರೇಸ್ ಸೈಕಲ್ಲೊಂದು ದಾಂಡೇಲಿಯ ಕೋಚ್ ಸರ್ ಮೂಲಕ ಸಿಕ್ಕಿತ್ತು. ಆ ವರ್ಷ ಮಳೆ ಹಿಂದೆ ಸರಿದ ಮೇಲೆ ಹಳಿಯಾಳದಿಂದ ದಾಂಡೇಲಿಗೆ ಹುಡುಗಿಯರ ಆಯ್ಕೆ ರೇಸು ಇತ್ತು. ಮೊದಲು ಬಂದ ಇಬ್ಬರಿಗೆ ಜಿಲ್ಲಾ ತಂಡದಲ್ಲಿ ಜಾಗ. ಜೂನಿಯರ್ ವಯಸ್ಸಿನಲ್ಲಿ ನನಗೆ ಅದೇ ಕೊನೆಯ ವರ್ಷ. ತಪ್ಪಿದರೆ ಮುಂದೆ ಆಡಿಸುವವರು ಯಾರೂ ಇರಲಿಲ್ಲ, ನಮ್ಮ ಕಡೆ ದೊಡ್ಡ ಹೆಂಗಸರಿಗೆ ರೇಸೇ ಇರಲಿಲ್ಲ. ಕೋಚ್ ಸರ್ ನನ್ನ ಸೈಕಲ್ಲನ್ನು ತಲೆಕೆಳಗು ಮಾಡಿ ಗಾಲಿ ತಿರುಗಿಸಿ ನೋಡಿ, "ತಂಗಿ, ಈ ಸ್ಟೀಲ್ ರಿಮ್ ಎಳಕೊಂಡ ಹೋಗೂದರಾಗ ನಿನ್ನ ಶಕ್ತಿ ಮುಗೀತೈತಿ. ಅಲ್ಯುಮಿನಿಯಂ ಗಾಲಿ ಹಾಕ್ಸು. ಹಗುರ ಇರ್ಲಿ, ಆದ್ರ ನಮ್ಮ ರಸ್ತಾಕ್ಕ ತಾಳೂವಂಗಿರ್ಲಿ" ಎಂದರು.

ಅಪ್ಪ ಒಪ್ಪಿದರು. ಮಾಲು ತರಲು ಬೆಳಗಾವಿಗೆ ಹೊರಟಿದ್ದ ಮೌಶಿಯ ಜೊತೆ ನನ್ನನ್ನೂ ಕಳಿಸಿದರು. ಅಲ್ಯುಮಿನಿಯಂ ವಿಷಯ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು ಎಂಬುದು ಅಪ್ಪನ ವಾದ. ಮೌಶಿಯ ವಾದವೂ ಅದೇ ಆಗಿತ್ತು.

ಬೆಳಗಾವಿಯ ಸೈಕಲ್ ಅಂಗಡಿಯಲ್ಲಿ ನನ್ನ ಸೈಕಲ್ಲಿಗೆ ಹೊಂದುವ ಎರಡು ಜೋಡಿ ಗಾಲಿಗಳಿದ್ದವು. ಒಂದು ಜೋಡಿ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಸ್ಪೋಕುಗಳು ಕಡಿಮೆ, ರಿಮ್ಮು ತೆಳ್ಳಗೆ. ಅಕ್ಷದ ತುದಿಯನ್ನು ಬೆರಳುಗಳಲ್ಲಿ ಹಿಡಿದು ಎತ್ತಿದರೆ ಕೈಯಲ್ಲಿ ಏನೋ ಇದೆ ಎನ್ನಿಸುತ್ತಲೇ ಇರಲಿಲ್ಲ. ಇನ್ನೊಂದು ಜೋಡಿ ಬೂದಿ ಬಣ್ಣದ್ದು, ಒಂದಿಷ್ಟೂ ಹೊಳಪಿಲ್ಲ. ಸ್ಪೋಕು ಹೆಚ್ಚು, ರಿಮ್ಮಿನ ಒಳಗೆ ಎರಡು ಪದರ, ಅದಕ್ಕೇ ಸ್ವಲ್ಪ ಭಾರ. ಭಾರವೆಂದರೂ ನನ್ನ ಸ್ಟೀಲ್ ಗಾಲಿಯ ಮುಂದೆ ಅದು ಹೂವು. ಎರಡನ್ನೂ ತಿರುಗಿಸಿದೆ. ಹೊಳೆಯುವುದು ಬೇಗ ವೇಗ ಹಿಡಿಯಿತು, ಮನಸ್ಸನ್ನೂ ಹಿಡಿಯಿತು. ಮೌಶಿ ಎರಡನ್ನೂ ಬಡಿದು ನೋಡಿದಳು. ಹೊಳೆಯುವುದು ಠಣ್ ಎಂದಿತು. ಬೂದಿಯದು ದಪ್ಪ ದನಿಯಲ್ಲಿ ಏನೋ ಗೊಣಗಿತು.

"ಇದನ್ನ ತಗೋ," ಎಂದು ಹೊಳೆಯುವುದನ್ನು ನನ್ನ ಕೈಗಿಟ್ಟಳು. "ಆ ಇನ್ನೊಂದಕ್ಕ ದನೀನ ಇಲ್ಲ."

ನನಗೂ ಅದೇ ಬೇಕಿತ್ತು. ಆದರೆ ಕಣ್ಣ ಮುಂದೆ ದಾಂಡೇಲಿಯ ರಸ್ತೆ ಬಂತು. ಕಟ್ಟಿಗೆ ಲಾರಿಗಳು ಓಡಾಡಿ ಓಡಾಡಿ ಅಗೆದಿಟ್ಟ ಗುಂಡಿಗಳು ಬಂದವು. ಆ ತೆಳ್ಳನೆಯ ರಿಮ್ಮು ಒಂದು ಗುಂಡಿಗೆ ಬಿದ್ದು ಸೊಟ್ಟಾದರೆ ರೇಸು ಅಲ್ಲಿಗೇ ಮುಗಿಯಿತು. ಬಹಳ ಹೊತ್ತು ನಿಂತೆ. ಅಂಗಡಿಯವರಿಗೆ ಬೇಸರ ಬಂತು, ಮೌಶಿಗೆ ಚಹಾದ ನೆನಪು ಬಂತು. ಕೊನೆಗೆ ಬೂದಿ ಜೋಡಿಯನ್ನೇ ಕಟ್ಟಿಸಿದೆ.

ಮೌಶಿಗೆ ಸಮಾಧಾನವೇ ಆಗಲಿಲ್ಲ. ಬಸ್ಸಿನಲ್ಲಿ ಒಂದು ಗಾಲಿಯನ್ನು ತೊಡೆಯ ಮೇಲೆ ದೊಡ್ಡ ಪರಾತ ತಟ್ಟೆಯ ಹಾಗೆ ಇಟ್ಟುಕೊಂಡು ಕೂತವಳು, ಅಕ್ಕಪಕ್ಕದವರಿಗೆಲ್ಲ ಕೇಳುವಂತೆ, "ಮದಲಗಿತ್ತಿನ್ನ ಬಿಟ್ಟು ಅಕಿ ಅಜ್ಜಿನ್ನ ಕರಕೊಂಡ ಹೊಂಟೇವ್ರಿ ನಾವು" ಎಂದು ನಗಿಸುತ್ತ ಬಂದಳು. ನನಗೆ ನಾಚಿಕೆಯೂ ಆಯಿತು, ನಗುವೂ ಬಂತು. ಮರುದಿನ ಹೊಸ ಗಾಲಿ ಹಾಕಿಸಿ ಊರ ಹೊರಗಿನ ಏರು ಹತ್ತಿದೆ. ಯಾರೋ ಹಿಂದಿನಿಂದ ಕೈಹಚ್ಚಿ ತಳ್ಳುತ್ತಿದ್ದಾರೆ ಎನ್ನಿಸಿತು. ಆ ಸಂತೋಷವನ್ನು ಈಗಲೂ ಹೇಳಲು ಬರುವುದಿಲ್ಲ... ಅಜ್ಜಿಯಾದರೇನಂತೆ, ಓಡುತ್ತಿದ್ದಳಲ್ಲ.

ರೇಸಿನ ಹಿಂದಿನ ದಿನ ಕೋಚ್ ಸರ್ ಅಪ್ಪಣೆಯಂತೆ ಮಧ್ಯಾಹ್ನವೆಲ್ಲ ಮಲಗಿದ್ದೆ. ನಮ್ಮ ಮನೆ ಇಕ್ಕಟ್ಟು. ಸೈಕಲ್ ಯಾವಾಗಲೂ ಮೌಶಿಯ ಅಂಗಡಿಯ ಹಿಂದಿನ ಕೋಣೆಯಲ್ಲೇ ಇರುತ್ತಿತ್ತು. ಸಂಜೆ ಎದ್ದು ಹೋಗಿ ನೋಡುತ್ತೇನೆ, ನನ್ನ ಬೂದಿ ಗಾಲಿಗಳು ಮಿರಿಮಿರಿ ಮಿಂಚುತ್ತಿವೆ! ಮೌಶಿ ಸೊಂಟಕ್ಕೆ ಸೆರಗು ಸಿಕ್ಕಿಸಿ ಪಕ್ಕದಲ್ಲೇ ನಿಂತಿದ್ದಳು. ಬೂದಿ ಹಚ್ಚಿ ತಿಕ್ಕಿ, ತೊಳೆದು, ಒರೆಸಿ ಇಟ್ಟಿದ್ದಳು.

"ನೋಡು ಪೋರಿ, ಅಜ್ಜಿ ಮದಲಗಿತ್ತಿ ಆಗ್ಯಾಳ," ಎಂದಳು.

ನಾನು ಅವಳನ್ನು ಅಪ್ಪಿಕೊಂಡೆ. ತೊಳೆದ ಮೇಲೆ ಅವಳು ಏನು ಮಾಡಿರುತ್ತಾಳೆ ಎಂಬುದು ನನಗೆ ಹೊಳೆಯಲಿಲ್ಲ, ಅದರಿಂದ ಏನಾದೀತು ಎಂಬುದು ಅವಳಿಗೆ ಹೊಳೆಯಲಿಲ್ಲ. ಅಂಗಡಿಯೇ ಕೊಬ್ಬರಿ ಎಣ್ಣೆಯ ವಾಸನೆಯಲ್ಲಿ ಮುಳುಗಿರುವಾಗ ಗಾಲಿಯ ವಾಸನೆ ಬೇರೆ ಬಂದೀತೇ?

ಬೆಳಿಗ್ಗೆ ಮಂಜು ಬಿದ್ದಿತ್ತು. ಮೌಶಿ ಡಬ್ಬಿಯಲ್ಲಿ ಶಿರಾ ತುಂಬಿಕೊಂಡು ಮೊದಲ ಬಸ್ಸಿಗೇ ದಾಂಡೇಲಿಗೆ ಹೋಗಿ ಕಾಯುತ್ತ ನಿಂತಿದ್ದಳು. ನಾವು ಹಳಿಯಾಳ ಬಿಟ್ಟೆವು. ಭತ್ತದ ಗದ್ದೆಗಳು ಮುಗಿದು ಕಾಡು ಶುರುವಾಗುವಷ್ಟರಲ್ಲಿ ಮುಂದೆ ಮೂವರೇ ಉಳಿದಿದ್ದೆವು. ನಡುವೆ ಒಮ್ಮೆ ಬ್ರೇಕ್ ಮುಟ್ಟಿದಾಗ ಸಡಿಲ ಎನ್ನಿಸಿತು. ಗಾಲಿಯ ಜೊತೆ ಹಾಕಿಸಿದ ಬ್ರೇಕಿನ ಹೊಸ ರಬ್ಬರ್, ಇನ್ನೂ ಪಳಗಿಲ್ಲ ಅಂದುಕೊಂಡೆ. ಗುಂಡಿಗಳ ಮೇಲೆ ನನ್ನ ಗಾಲಿ ಸದ್ದಿಲ್ಲದೆ ಹಾರಿ ಹೋಗುತ್ತಿತ್ತು. ಮೂವರಲ್ಲಿ ಒಬ್ಬಳು ಏದುಸಿರು ಬಿಡುತ್ತಿದ್ದಳು, ಅದು ನಾನಾಗಿರಲಿಲ್ಲ. ಜಾಗ ಸಿಕ್ಕಿತು ಎಂದೇ ಮನಸ್ಸು ಹೇಳುತ್ತಿತ್ತು.

ದಾಂಡೇಲಿ ಹತ್ತಿರವಾದಂತೆ ಒಂದು ಇಳಿಜಾರು, ಅದರ ಕೊನೆಗೆ ತಿರುವು. ಮುಂದಿನವರು ಬ್ರೇಕ್ ಹಿಡಿದರು. ನಾನೂ ಹಿಡಿದೆ. ಬ್ರೇಕಿನ ಹಿಡಿಕೆ ಹ್ಯಾಂಡಲ್ಲಿಗೆ ತಾಗಿತು, ಗಾಲಿ ನಿಲ್ಲಲೇ ಇಲ್ಲ. ರಬ್ಬರ್ ರಿಮ್ಮಿನ ಮೇಲೆ ಜಾರುತ್ತಿತ್ತು. ಅವರಿಬ್ಬರೂ ತಿರುಗಿದರು, ನಾನು ನೆಟ್ಟಗೆ ಹೋಗಿ ತರಗೆಲೆ ತುಂಬಿದ ಗಟಾರಿಗೆ ಬಿದ್ದೆ. ಮೊಣಕಾಲು ಸುಲಿದಿತ್ತು, ಚೈನು ಕಳಚಿತ್ತು. ಮುಂದಿನ ಗಾಲಿ ಎತ್ತಿ ತಿರುಗಿಸಿದೆ. ಒಂದು ಕೂದಲಿನಷ್ಟೂ ಸೊಟ್ಟಾಗಿರಲಿಲ್ಲ. ನಾನು ಆರಿಸಿದ್ದು ಸರಿಯಾಗಿಯೇ ಇತ್ತು. ಕೈಗೆ ಮಾತ್ರ ಕಪ್ಪು ಜಿಡ್ಡು ಹತ್ತಿತು. ಮೂಸಿದೆ. ಕೊಬ್ಬರಿ ಎಣ್ಣೆ.

ಸಿಟ್ಟು ಬರಲಿಲ್ಲ ಎಂದರೆ ನೀವು ನಂಬುವುದಿಲ್ಲ. ಬಂತು, ಬೆಂಕಿಯಂಥ ಸಿಟ್ಟು. ಅಲ್ಲಿ ಮೌಶಿ ಇದ್ದಿದ್ದರೆ ಏನಂದುಬಿಡುತ್ತಿದ್ದೆನೋ... ಆದರೆ ಅಲ್ಲಿ ಇದ್ದದ್ದು ಉಳಿದ ರಸ್ತೆಯಷ್ಟೇ. ಕೈಯನ್ನು ಎಲೆಗೆ ಒರೆಸಿಕೊಂಡು ಮತ್ತೆ ಹತ್ತಿದೆ. ನಾನು ತಲುಪುವಷ್ಟರಲ್ಲಿ ಗೆದ್ದವರ ಕೊರಳಿಗೆ ಹಾರ ಬಿದ್ದಿತ್ತು. ಸಿಟ್ಟು ದಾರಿಯಲ್ಲೇ ಕರಗಿ ಅಳು ಉಳಿದಿತ್ತು.

ಮೌಶಿ ಓಡಿ ಬಂದಳು. ನನ್ನ ಮೊಣಕಾಲು ನೋಡಿ, "ಅಯ್ಯ ದೇವಾ," ಎಂದು, ಅಭ್ಯಾಸದಂತೆ ಗಾಲಿಯ ಮೇಲೆ ಕೈಯಾಡಿಸಿದಳು. ಅಷ್ಟರಲ್ಲಿ ಕೋಚ್ ಸರ್ ಬಂದು, "ಏನಾತವಾ? ಬ್ರೇಕ್ ಹಿಡೀಲಿಲ್ಲೇನು?" ಎಂದು ಕೇಳಿದರು.

ನಾನು ಮೌಶಿಯ ಕಡೆ ನೋಡಿದೆ. ಅವಳು ತನ್ನ ಅಂಗೈ ನೋಡಿಕೊಳ್ಳುತ್ತಿದ್ದಳು. ಅಂಗೈ ಕಪ್ಪಾಗಿತ್ತು.

"ಹಿಡೀತ್ರಿ ಸರ್. ತಿರುವಿನ್ಯಾಗ ನಾನ ಭಾಳ ಜೋರ ಬಂದೆ," ಎಂದೆ.

 ಸೀರೆಗೆ ಒಂದು ಕಲೆ ಬಿದ್ದರೂ ಊರು ಒಂದು ಮಾಡುವ ಮೌಶಿ ಆ ಕೈಯನ್ನು ತನ್ನ ಸೆರಗಿಗೇ ಒರೆಸಿಕೊಂಡಳು. ವಾಪಸು ಬರುವಾಗ ಬಸ್ಸಿನಲ್ಲಿ ಅವಳ ತೊಡೆಯ ಮೇಲೆ ಶಿರಾದ ಡಬ್ಬಿ ಮುಚ್ಚಿಕೊಂಡೇ ಇತ್ತು. ನಾನು ಕೇಳಲಿಲ್ಲ, ಅವಳೂ ಕೊಡಲಿಲ್ಲ.

ಆಮೇಲೆ ನಾನು ರೇಸು ಬಿಟ್ಟೆ. ಓದು ಮುಗಿಸಿ ಮುಂಡಗೋಡದ ಚಿಗಳ್ಳಿಯಲ್ಲಿ ಶಾಲೆಯ ಕೆಲಸ ಸಿಕ್ಕಿ ಅಲ್ಲಿಗೇ ಹೋದೆ. ಒಂದು ಮಳೆಗಾಲ ರಜೆಗೆ ಬಂದಾಗ ಮೌಶಿಯ ಅಂಗಡಿ ಹೊಕ್ಕರೆ ಯಾವುದೋ ಬೇರೆ ಅಂಗಡಿಗೆ ಬಂದ ಹಾಗಾಯಿತು. ಆ ವಾಸನೆ ಇರಲಿಲ್ಲ. ಪಾತೇಲಿಗಳ ಮೇಲೆ ಬಿಳಿ ಚುಕ್ಕೆ, ಹಂಚುಗಳಿಗೆ ತುಕ್ಕು. ಮೌಶಿ ಒಳಗಿದ್ದಳು. ಕಾಕಾ ದನಿ ತಗ್ಗಿಸಿ, "ನಿನ್ನ ರೇಸ್ ಆದಾಗಿಂದ ಎಣ್ಣಿ ಬಟ್ಟಿ ಮುಟ್ಟಿಲ್ಲ ನೋಡವಾ ಅಕಿ. ಕೇಳಿದ್ರ ಮೈಮ್ಯಾಲ ಬರ್ತಾಳ. ಮಾಲು ಹಾಳಾಗಾಕತ್ತೇತಿ," ಎಂದರು.  ಕೋಚ್ ಸರ್ ಮುಂದೆ ನಾನಾಡಿದ ಸುಳ್ಳನ್ನು ಅವಳು ಒಂದು ಗಳಿಗೆಯೂ ನಂಬಿರಲಿಲ್ಲ.

ಮರುದಿನ ಬೇಕೆಂದೇ ಅವ್ವನ ಕಬ್ಬಿಣದ ಕಡಾಯಿ ಹಿಡಿದುಕೊಂಡು ಹೋದೆ. "ಮೌಶಿ, ತುಕ್ಕು ಬಂದೈತಿ. ಚೂರು ಎಣ್ಣಿ ಒರಸಿ ಕೊಡು," ಎಂದೆ. ಅವಳು ಕಡಾಯಿ ನೋಡಿದಳು, ನನ್ನ ಮುಖ ನೋಡಿದಳು. ಒಳಗಿನಿಂದ ಎಣ್ಣೆ ಬಾಟಲಿ ತಂದು ನನ್ನ ಮುಂದಿಟ್ಟಳು.

"ನೀನ ಹಚ್ಚಕೋ ಪೋರಿ. ನನ್ನ ಕೈ ಬ್ಯಾಡ."

"ಮೌಶಿ, ಅವತ್ತ ನಾ ಖರೇನ ಭಾಳ ಜೋರ ಬಂದಿದ್ದೆ."

"ಹೂಂ," ಎಂದಳು. ಕೈ ಎತ್ತಿ ನನ್ನ ತಲೆಯನ್ನು ಮೆಲ್ಲಗೆ ಬಡಿದಳು. ಈ ಸಲ ಯಾವ ತೀರ್ಪೂ ಬರಲಿಲ್ಲ.

ನನ್ನ ಮದುವೆಗೆ ಮೌಶಿ ದೊಡ್ಡ ಪಾತೇಲಿಯೊಂದನ್ನು ಆಯೇರಿಯ ಉಡುಗೊರೆಯಾಗಿ ಕೊಟ್ಟಳು. ಮೈತುಂಬ ಬಿಳಿ ಚುಕ್ಕೆ. ಭಾಂಡಿ ಅಂಗಡಿಯವಳು ಮಾರಾಟವಾಗದ್ದನ್ನು ದಾಟಿಸಿದಳು ಎಂದು ಬೀಗರ ಕಡೆಯ ಹೆಂಗಸರು ನಕ್ಕರು. ನಾನು ನಗಲಿಲ್ಲ. ಮೌಶಿ ತೀರಿಕೊಂಡಾಗ ನಾನು ಊರಲ್ಲಿರಲಿಲ್ಲ. ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಈಗ ಆ ಜಾಗದಲ್ಲಿ ಪ್ಲಾಸ್ಟಿಕ್ ಕುರ್ಚಿಗಳ ಅಂಗಡಿಯಿದೆ. ನಾವು ಹಳಿಯಾಳಕ್ಕೇ ಮರಳಿ ಬಂದು ನೆಲೆ ನಿಂತಿದ್ದೇವೆ. ಗಾಲಿಗಳು ಅಟ್ಟದ ಮೇಲಿವೆ, ಮತ್ತೆ ಬೂದಿ ಬಣ್ಣಕ್ಕೆ ತಿರುಗಿ, ಇನ್ನೂ ನೆಟ್ಟಗೆ.

ಸಾರನ್ನು ಒಲೆಗೆ ಸೋರಿಸುತ್ತಿದ್ದದ್ದು ಅವಳು ಕೊಟ್ಟ ಅದೇ ಪಾತೇಲಿ. ಅದನ್ನು ಗುಜರಿಗೆ ಹಾಕಲು ಮನಸ್ಸಾಗದೆ ಅಕ್ಕಿ ತುಂಬಿಡಲು ಇಟ್ಟುಕೊಂಡೆ. ಅವತ್ತು ಮಗಳು ಕಾಲೇಜಿಗೆ ಹೋದ ಮೇಲೆ ಒಂದು ಹಳೆಯ ಬಟ್ಟೆಗೆ ಕೊಬ್ಬರಿ ಎಣ್ಣೆ ಅದ್ದಿ ಹೊಸದನ್ನೂ ಹಳೆಯದನ್ನೂ ಒರೆಸಿದೆ. ಮನೆಯ ತುಂಬ ಆ ವಾಸನೆ ಎದ್ದಿತು. ಆ ರೇಸು ಹೋದದ್ದಕ್ಕೆ ನನಗೀಗ ಯಾವ ದುಃಖವೂ ಇಲ್ಲ... ಮೌಶಿಯ ಆ ಕೈ ಎಣ್ಣೆ ಬಟ್ಟೆಯನ್ನು ಮತ್ತೆ ಮುಟ್ಟಲಿಲ್ಲವಲ್ಲ, ಅದೊಂದು ಇವತ್ತಿಗೂ ನೋಯುತ್ತದೆ.