ಓದುಗ ಒಬ್ಬನಽ

ನಾವಿನ್ನೂ ಮುಂಬೈ ರಾಜ್ಯದಾಗ ಇದ್ದಾಗಿನ ಮಾತು. ಬನಹಟ್ಟಿ ವಾಚನಾಲಯ ನನ್ನ ಉಸ್ತುವಾರಿಯೊಳಗಿತ್ತು. ದಿನಾ ಸಂಜೀಕ ಮಗ್ಗ ಬಿಟ್ಟು ಬಂದ ಇಪ್ಪತ್ತು ನೇಕಾರರು ಕಟ್ಟಿ ಮ್ಯಾಲ ಕೂಡತಿದ್ದರು. ಅಕ್ಷರ ಬಲ್ಲ ಮಲ್ಲಪ್ಪ ಜೋರಾಗಿ ಪೇಪರ್ ಓದತಿದ್ದ. ಹಾಜರಿ ಪುಸ್ತಕದಾಗ ಸಹಿ ಮಾಡಾವ ಅವನೊಬ್ಬನಽ.

ತಪಾಸಣೆಗೆ ಬಂದ ಸಾಹೇಬರು ಅದನ್ನ ನೋಡಿ, "ಒಬ್ಬನ ಸಲುವಾಗಿ ವಾಚನಾಲಯ ಯಾಕ? ಮುಚ್ಚರಿ" ಅಂದರು.

"ಇಪ್ಪತ್ತು ಮಂದಿ ಕೇಳತಾರಲ್ರೀ?"

"ಕೇಳಾವರು ಓದುಗರಲ್ಲ. ನಿಯಮ ಐತಿ."

ನನ್ನ ಸಿಟ್ಟು ನೆತ್ತಿಗೇರಿತು. ಮುಚ್ಚಬ್ಯಾಡ್ರಿ ಅಂತ ಅರ್ಜಿ ಬರದು ಅವರ ಜಮಖಂಡಿ ಕಚೇರಿಗೆ ಒಯ್ದೆ. ಸಾಹೇಬರು ಮರಾಠಿಯವರು, ಕನ್ನಡ ಮಾತಾಡಾಕ ಬರತಿತ್ತು, ಓದಾಕ ಬರತಿದ್ದಿಲ್ಲ. ಕಾರಕೂನ ಓದಿದ, ಅವರು ಕಣ್ಣು ಮುಚ್ಚಿ ಕೇಳಿದರು. "ಓದೇನಿ. ಆಗೂದಿಲ್ಲ" ಅಂದರು.

"ನೀವೆಲ್ಲಿ ಓದೀರಿ? ಕೇಳಾವರು ಓದುಗರಲ್ಲ ಅಂದಾವರು ನೀವಽ. ಅರ್ಜಿ ಓದಿದಾವ ಕಾರಕೂನ. ತೀರ್ಮಾನಾನೂ ಅವನಽ ಹೇಳಲಿ!" ಅಂತ ಒದರಿದೆ. ಕಾರಕೂನ ಪಾಪ, ಕಡತದಾಗ ಮಾರಿ ಮುಚ್ಚಿಕೊಂಡ.

ಮುಚ್ಚರಿ ಅನ್ನೂ ಆರ್ಡರು ಬರಲೇ ಇಲ್ಲ. ನನಗ ಉದ್ಧಟತನಕ್ಕ ಮೆಮೊ ಬಂತು. ಮಲ್ಲಪ್ಪ ಅದನ್ನೂ ಕಟ್ಟಿ ಮ್ಯಾಲ ಜೋರಾಗಿ ಓದಿದ, ಇಪ್ಪತ್ತು ಮಂದಿ ಹೊಟ್ಟಿ ಹಿಡಕೊಂಡು ನಕ್ಕರು. ಹಾಜರಿ ಪುಸ್ತಕದಾಗ ಆವತ್ತೂ ಓದುಗ ಒಬ್ಬನಽ.