ತಡೀರಿ ಅತ್ತೆ

ಊಟ-ತಿಂಡಿಯ ಬ್ಲಾಗ್ ಬರೆಯುವ ನಮ್ಮ ಅತ್ತೆಗೆ ಮನೆಮಂದಿಯೆಲ್ಲ ಇಟ್ಟಿರುವ ಹೆಸರು ‘ತಡೀರಿ ಅತ್ತೆ’. ಯಾರ ಹುಟ್ಟುಹಬ್ಬವಿದ್ದರೂ ನಮ್ಮನ್ನು ಹೋಟೆಲಿಗೆ ಕರೆದೊಯ್ದು, ಬೆಳಕು ಚೆನ್ನಾಗಿರುವ ಕಿಟಕಿ ಪಕ್ಕದ ಮೇಜನ್ನೇ ಹಿಡಿಯುತ್ತಾಳೆ. ಬಡಿಸಿದ ಕೂಡಲೇ “ತಡೀರಿ, ಯಾರೂ ಮುಟ್ಬೇಡಿ!” ಎಂದು ಮೊಬೈಲ್ ಹಿಡಿದು ಕುರ್ಚಿ ಹತ್ತುತ್ತಾಳೆ. ಸೂಪು ಆರಿ ಕೆನೆಗಟ್ಟುವವರೆಗೂ ನಾವು ಕೈಕಟ್ಟಿ ಕೂರಬೇಕು. “ನಿನ್ನ ಫೋಟೋ ಮುಗಿಯೋದ್ರೊಳಗೆ ನಂಗೆ ಇನ್ನೊಂದು ವರ್ಷ ತುಂಬುತ್ತೆ ಕಣೇ” ಎಂದು ಅಪ್ಪ ಗೊಣಗುತ್ತಾರೆ. ಕೊನೆಗೆ ತಾತನ ತಟ್ಟೆಯ ಸರದಿ. “ಒಳಗೆ ಹೇಗೆ ಬೆಂದಿದೆ ಅಂತ ಓದೋರಿಗೆ ಕಾಣ್ಬೇಕಲ್ಲಪ್ಪ” ಎನ್ನುತ್ತಾ ಅತ್ತೆ ಅದರಲ್ಲಿರುವುದನ್ನೆಲ್ಲ ಸಣ್ಣ ಸಣ್ಣ ತುಂಡು ಮಾಡಿ, ಒಂದು ಫೋಟೋ ತೆಗೆದು, ಅವರ ಮುಂದಿಡುತ್ತಾಳೆ. ತಾತನ ಕೈ ಎರಡು ವರ್ಷದಿಂದ ನಡುಗುತ್ತದೆ; ಯಾರಾದರೂ ಸಹಾಯಕ್ಕೆ ಹೋದರೆ ಊಟ ಬಿಟ್ಟು ಏಳುತ್ತಾರೆ. ಬ್ಲಾಗನ್ನು ಪೂರ್ತಿ ಹುಡುಕಿದ್ದೇನೆ, ತಾತನ ತಟ್ಟೆಯ ಫೋಟೋ ಒಂದೂ ಇಲ್ಲ. ಮೊನ್ನೆ ತಾತನ ಹುಟ್ಟುಹಬ್ಬಕ್ಕೆ ಅತ್ತೆ ಮೊಬೈಲನ್ನೇ ಮನೆಯಲ್ಲಿ ಮರೆತು ಬಂದಿದ್ದಳು. ಊಟ ಬಂತು. ಅತ್ತೆ ಏನೂ ತೋಚದೆ ತಾತನ ತಟ್ಟೆಯನ್ನೇ ನೋಡುತ್ತಾ ಕೂತಳು. ತಾತ ತಟ್ಟೆಯನ್ನು ಮೆಲ್ಲಗೆ ಅವಳ ಕಡೆ ಸರಿಸಿದರು. “ಓದೋರು ಕಾಯ್ಲಿ ಬಿಡು ಮಗಳೇ, ನೀನು ಕತ್ತರಿಸು” ಎಂದರು.